ಅಮೆರಿಕದ ಪ್ರಾದೇಶಿಕ ವೃತ್ತಿಪರ ಕುಸ್ತಿಯ ಹಳೆಯ ದೃಶ್ಯಮುದ್ರಿಕೆಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ವಿವಿಧ ಪ್ರಾಂತಗಳಲ್ಲಿ 1940ರ ದಶಕದ ಕೊನೆಯಿಂದ 1980ರ ದಶಕದವರೆಗೆ ನಡೆದ ವೃತ್ತಿಪರ ಕುಸ್ತಿಯ ಫಿಲ್ಮ್ ಸುರುಳಿಗಳು ಹಾಗೂ ವಿಡಿಯೊ ಟೇಪುಗಳು ಇಂದು ಅಪರೂಪದ ದಾಖಲೆಗಳೆನಿಸಿವೆ. ಆ ಕಾಲದಲ್ಲಿ ಅನೇಕ ನಗರಗಳ ದೂರದರ್ಶನ ಕೇಂದ್ರಗಳು ಪ್ರತಿವಾರವೂ ಕುಸ್ತಿಯನ್ನು ಪ್ರಸಾರ ಮಾಡುತ್ತಿದ್ದವು. ಆದರೂ ಅವುಗಳಲ್ಲಿ ಉಳಿದುಬಂದಿರುವುದು ಅತ್ಯಲ್ಪ ಭಾಗ ಮಾತ್ರ. ಈ ಪ್ರಸಾರವನ್ನು ಆಯೋಜಕರು ಮುಂದಿನ ಪಂದ್ಯದ ಟಿಕೆಟು ಮಾರುವ ಜಾಹೀರಾತು ಎಂದಷ್ಟೇ ಭಾವಿಸಿದ್ದುದು ಇದಕ್ಕೆ ಮುಖ್ಯ ಕಾರಣ. ಪಂದ್ಯ ಮುಗಿದ ಮೇಲೆ ಅದರ ಕರಪತ್ರವನ್ನು ಯಾರೂ ಕಾದಿರಿಸುವುದಿಲ್ಲ.

ಇಲ್ಲಿ ಹೇಳುತ್ತಿರುವುದು ನಮ್ಮ ಗರಡಿಮನೆಗಳ ಮಣ್ಣಿನ ಕುಸ್ತಿಯಲ್ಲ. ವೃತ್ತಿಪರ ಕುಸ್ತಿಯಲ್ಲಿ ಸೋಲು ಗೆಲುವುಗಳು ಮೊದಲೇ ನಿಶ್ಚಯವಾಗಿರುತ್ತವೆ. ಒಬ್ಬನು ನಾಯಕ, ಇನ್ನೊಬ್ಬನು ಖಳ. ಗದಾಯುದ್ಧದಲ್ಲಿ ಗೆಲ್ಲುವವನು ಭೀಮನೆಂದು ತಿಳಿದೂ ಬೆಳಗಿನವರೆಗೆ ಕುಳಿತು ಯಕ್ಷಗಾನ ನೋಡುವವರಿಗೆ ಇದರ ಆಕರ್ಷಣೆ ಅರ್ಥವಾಗದೆ ಇರದು. ಆದರೆ ಅಲ್ಲಿನ ಆಯೋಜಕರು ಈ ಗುಟ್ಟನ್ನು ಬಹುಕಾಲ ಬಿಟ್ಟುಕೊಟ್ಟಿರಲಿಲ್ಲ.

ಹಿನ್ನೆಲೆ

1948ರಲ್ಲಿ ಅಯೋವಾ ರಾಜ್ಯದ ವಾಟರ್‌ಲೂ ನಗರದಲ್ಲಿ ಕೆಲವು ಆಯೋಜಕರು ಸೇರಿ ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ಎಂಬ ಒಕ್ಕೂಟವನ್ನು ಸ್ಥಾಪಿಸಿದರು. ಸದಸ್ಯರು ದೇಶವನ್ನು ಪ್ರಾಂತಗಳಾಗಿ ಹಂಚಿಕೊಂಡು, ಒಬ್ಬರ ಸೀಮೆಯಲ್ಲಿ ಇನ್ನೊಬ್ಬರು ಪಂದ್ಯ ನಡೆಸಬಾರದೆಂದು ಒಪ್ಪಿಕೊಂಡರು. ಹೀಗಾಗಿ ಮೆಂಫಿಸ್‌ನ ಪ್ರೇಕ್ಷಕನು ಆರಾಧಿಸುತ್ತಿದ್ದ ಮಲ್ಲನ ಹೆಸರು ಪೋರ್ಟ್‌ಲೆಂಡ್‌ನವನಿಗೆ ತಿಳಿಯದೆ ಇರಬಹುದಿತ್ತು. ಒಂದು ಪ್ರಾಂತದ ಮುದ್ರಿಕೆ ನಾಶವಾದರೆ ಆ ಪ್ರಾಂತದ ಕುಸ್ತಿಶೈಲಿಯೇ ಕಣ್ಮರೆಯಾದಂತೆ ಎನ್ನುವುದು ಈ ಕಾರಣದಿಂದ.

ಮುದ್ರಣದ ವಿಧಾನಗಳು

ದೂರದರ್ಶನದ ಆರಂಭಕಾಲದಲ್ಲಿ ಕಾರ್ಯಕ್ರಮಗಳು ನೇರವಾಗಿ ಪ್ರಸಾರವಾಗುತ್ತಿದ್ದವು. ಅವುಗಳನ್ನು ಉಳಿಸಿಕೊಳ್ಳಲು ಇದ್ದ ಉಪಾಯವೆಂದರೆ ಪರದೆಯ ಮೇಲೆ ಮೂಡುತ್ತಿದ್ದ ಚಿತ್ರವನ್ನೇ ಫಿಲ್ಮ್ ಕ್ಯಾಮೆರಾದಿಂದ ಸೆರೆಹಿಡಿಯುವುದು. ಇದಕ್ಕೆ ಕಿನೆಸ್ಕೋಪ್ ಎಂದು ಹೆಸರು. ಚಿಕಾಗೋದ ಮಾರಿಗೋಲ್ಡ್ ಸಭಾಂಗಣದಿಂದ ಡ್ಯುಮಾಂಟ್ ಜಾಲವು ಪ್ರಸಾರ ಮಾಡುತ್ತಿದ್ದ ಕುಸ್ತಿಯಲ್ಲಿ ಉಳಿದಿರುವುದು ಇಂತಹ 16 ಮಿ.ಮೀ. ಸುರುಳಿಗಳೇ. ವರ್ನ್ ಗಾನ್ಯೆಯಂತಹ ಮಲ್ಲರ ತಾರುಣ್ಯದ ಪಟ್ಟುಗಳನ್ನು ನಾವು ಈಗ ನೋಡಲು ಸಾಧ್ಯವಾಗಿರುವುದು ಇವುಗಳಿಂದ. ಡ್ಯುಮಾಂಟ್ ಜಾಲವು 1956ರಲ್ಲಿ ಕೊನೆಗೊಂಡಿತು. ಅದರ ಸಂಗ್ರಹದ ಬಹುಭಾಗವನ್ನು 1970ರ ದಶಕದಲ್ಲಿ ಲಾರಿಗಳಲ್ಲಿ ಒಯ್ದು ನ್ಯೂಯಾರ್ಕ್ ಕೊಲ್ಲಿಯ ನೀರಿಗೆ ಸುರಿಯಲಾಯಿತೆಂದು ನಟಿ ಈಡಿ ಆಡಮ್ಸ್ 1996ರಲ್ಲಿ ಸಾಕ್ಷ್ಯ ನುಡಿದರು.

1956ರಲ್ಲಿ ಆಂಪೆಕ್ಸ್ ಸಂಸ್ಥೆಯ ವಿಡಿಯೊ ಟೇಪು ಯಂತ್ರ ಬಂದಿತು. ಇನ್ನು ಮುಂದೆ ಎಲ್ಲವೂ ಉಳಿಯುತ್ತದೆ ಎಂದು ನಾವು ನಿರೀಕ್ಷಿಸಬಹುದು. ನಡೆದದ್ದು ಇದಕ್ಕೆ ವಿರುದ್ಧ. ಎರಡು ಅಂಗುಲ ಅಗಲದ ಒಂದು ಗಂಟೆಯ ಟೇಪಿಗೆ ಆಗ ಸುಮಾರು 300 ಡಾಲರ್ ಬೆಲೆಯಿತ್ತು. ಫಿಲ್ಮಿನ ಮೇಲೆ ಮೂಡಿದ ಚಿತ್ರವನ್ನು ಅಳಿಸಿ ಮತ್ತೆ ಬಳಸುವಂತಿಲ್ಲ. ಟೇಪನ್ನಾದರೋ ಅಳಿಸಿ ಹಲವು ಬಾರಿ ಬಳಸಬಹುದು. ಆದ್ದರಿಂದ ಕೇಂದ್ರಗಳು ಈ ವಾರದ ಕುಸ್ತಿಯ ಮೇಲೆಯೇ ಮುಂದಿನ ವಾರದ ಕುಸ್ತಿಯನ್ನು ಮುದ್ರಿಸಿದವು. ಕೆಲವು ಪ್ರಾಂತಗಳಲ್ಲಿ ಒಂದೇ ಟೇಪು ಊರಿಂದೂರಿಗೆ ಕೇಂದ್ರಗಳನ್ನು ಸುತ್ತಿ, ಹಿಂದಿರುಗಿದ ಮೇಲೆ ಅಳಿಸಲ್ಪಡುತ್ತಿತ್ತು.

ಸೇಂಟ್ ಲೂಯಿಸ್ ಮತ್ತು ಮೆಂಫಿಸ್

ಸೇಂಟ್ ಲೂಯಿಸ್ ನಗರದ ‘ರೆಸ್ಲಿಂಗ್ ಅಟ್ ದ ಚೇಸ್’ ಕಾರ್ಯಕ್ರಮವು ಈ ನಷ್ಟಕ್ಕೆ ಒಳ್ಳೆಯ ಉದಾಹರಣೆ. ಆಯೋಜಕ ಸ್ಯಾಮ್ ಮಚ್ನಿಕ್ ನೇತೃತ್ವದಲ್ಲಿ 1959ರಲ್ಲಿ ಆರಂಭವಾದ ಇದು ಕೆಪಿಎಲ್ಆರ್ ಕೇಂದ್ರದಿಂದ 1983ರವರೆಗೆ ಪ್ರಸಾರವಾಯಿತು. ತೂಗುದೀಪಗಳಿದ್ದ ವೈಭವದ ಹೋಟೆಲಿನ ನೃತ್ಯಶಾಲೆಯಲ್ಲಿ ಕಣ ಹಾಕಿ, ಔತಣಕ್ಕೆ ಬಂದವರಂತೆ ಉಡುಪು ಧರಿಸಿದ ಪ್ರೇಕ್ಷಕರ ನಡುವೆ ಮಲ್ಲರು ಸೆಣಸುತ್ತಿದ್ದ ಆ ದೃಶ್ಯ ಬೇರೆಲ್ಲಿಯೂ ಇರಲಿಲ್ಲ. ಆದರೆ ಆ ಆರಂಭದ ವರ್ಷಗಳ ಮುದ್ರಿಕೆಗಳೇ ಅತ್ಯಂತ ವಿರಳ. ಉಳಿದವುಗಳಲ್ಲಿ ಹೆಚ್ಚಿನವು ಕೊನೆಯ ವರ್ಷಗಳವು.

ಮೆಂಫಿಸ್‌ನಲ್ಲಿ ಶನಿವಾರ ಬೆಳಿಗ್ಗೆ ಸ್ಟುಡಿಯೊದಿಂದ ನೇರಪ್ರಸಾರ. ಸೋಮವಾರ ರಾತ್ರಿ ಮಿಡ್‌-ಸೌತ್ ಕಲಿಸಿಯಂನಲ್ಲಿ ಟಿಕೆಟು ಕೊಂಡವರ ಮುಂದೆ ನಿಜವಾದ ಪಂದ್ಯ. ಲ್ಯಾನ್ಸ್ ರಸಲ್ ಮತ್ತು ಡೇವ್ ಬ್ರೌನ್ ಇಲ್ಲಿನ ಪ್ರಸಿದ್ಧ ವಿವರಣೆಗಾರರು. 1982ರ ಏಪ್ರಿಲ್ 5ರಂದು ಹಾಸ್ಯನಟ ಆಂಡಿ ಕಾಫ್‌ಮನ್ ಮತ್ತು ಜೆರ್ರಿ ಲಾಲರ್ ನಡುವೆ ನಡೆದ ಸೆಣಸಾಟದ ಮುದ್ರಿಕೆ ಜಗತ್ಪ್ರಸಿದ್ಧವಾಯಿತು. ಅದು ಉಳಿದದ್ದಕ್ಕೆ ಕಾಫ್‌ಮನ್‌ರ ಖ್ಯಾತಿಯೂ ಒಂದು ಕಾರಣವೆನ್ನಬೇಕು. ಸಾಮಾನ್ಯ ಸೋಮವಾರಗಳಿಗೆ ಆ ಭಾಗ್ಯ ಇರಲಿಲ್ಲ. ಸ್ಟುಡಿಯೊದ ಪಂದ್ಯಗಳಲ್ಲಿ ಹೆಸರಾಂತ ಮಲ್ಲನು ದುರ್ಬಲ ಎದುರಾಳಿಯನ್ನು ಕೆಲವೇ ನಿಮಿಷಗಳಲ್ಲಿ ಕೆಡವುವುದು ವಾಡಿಕೆ. ಆದ್ದರಿಂದ ಉಳಿದ ಟೇಪುಗಳನ್ನಷ್ಟೇ ನೋಡಿ ಆ ಮಲ್ಲರ ಕೌಶಲವನ್ನು ಅಳೆಯುವುದು ನ್ಯಾಯವಲ್ಲ.

ಉಳಿವು ಮತ್ತು ಗುರುತಿಸುವಿಕೆ

1970ರ ದಶಕದ ಕೊನೆಯಲ್ಲಿ ಮನೆಗಳಿಗೆ ವಿಡಿಯೊ ರೆಕಾರ್ಡರ್ ಬಂದಾಗ ಅಭಿಮಾನಿಗಳೇ ಸಂರಕ್ಷಕರಾದರು. ಅವರು ಟೇಪುಗಳನ್ನು ಅಂಚೆಯ ಮೂಲಕ ಪರಸ್ಪರ ವಿನಿಮಯ ಮಾಡಿಕೊಂಡರು. ಪ್ರತಿಯಿಂದ ಪ್ರತಿ ತೆಗೆದಂತೆ ಚಿತ್ರ ಮಸುಕಾಗುತ್ತಿತ್ತು. ಹಲವು ಪಂದ್ಯಗಳು ಇಂದಿಗೂ ಆ ಮಸುಕು ರೂಪದಲ್ಲಿಯೇ ಲಭ್ಯ. 1980ರ ದಶಕದಲ್ಲಿ ವಿನ್ಸ್ ಮೆಕ್‌ಮೆಹನ್‌ರ ಸಂಸ್ಥೆ ದೇಶವ್ಯಾಪಿಯಾಗಿ ಬೆಳೆದು ಪ್ರಾಂತಗಳ ವ್ಯವಸ್ಥೆ ಕುಸಿಯಿತು. ಮುಂದೆ ಅದೇ ಸಂಸ್ಥೆ 2001ರಲ್ಲಿ ಡಬ್ಲ್ಯುಸಿಡಬ್ಲ್ಯು ಸಂಗ್ರಹವನ್ನೂ ತರುವಾಯ ಇತರ ಪ್ರಾಂತಗಳ ಸಂಗ್ರಹಗಳನ್ನೂ ಕೊಂಡುಕೊಂಡಿತು. ಚಿಕಾಗೋ ಫಿಲ್ಮ್ ಆರ್ಕೈವ್ಸ್‌ನಲ್ಲಿ ವಿವರಣೆಗಾರ ರಸ್ ಡೇವಿಸ್‌ರ ಕುಸ್ತಿ ಸುರುಳಿಗಳಿವೆ.

ದೊರೆತ ಸುರುಳಿಯ ಮೇಲೆ ಅನೇಕ ವೇಳೆ ದಿನಾಂಕವಾಗಲಿ ಊರಾಗಲಿ ನಮೂದಾಗಿರುವುದಿಲ್ಲ. ಆಗ ನೆರವಿಗೆ ಬರುವುದು ಜಾಹೀರಾತೇ. ‘ಬರುವ ಶುಕ್ರವಾರ ಇಂಥವರಿಗೂ ಇಂಥವರಿಗೂ ಪಂದ್ಯ’ ಎಂದು ವಿವರಣೆಗಾರನು ಸಾರುವ ಮಾತನ್ನು ಆ ಊರಿನ ಹಳೆಯ ಪತ್ರಿಕೆಗಳ ಪಂದ್ಯಪಟ್ಟಿಯೊಂದಿಗೆ ಹೋಲಿಸಿ ವಾರವನ್ನು ನಿರ್ಣಯಿಸುತ್ತಾರೆ. ಆ ಮಾತಿನ ಭಾಗವನ್ನು ಕತ್ತರಿಸಿ ಕುಸ್ತಿಯನ್ನಷ್ಟೇ ಇರಿಸಿಕೊಂಡ ಪ್ರತಿಗಳ ಕಾಲವನ್ನು ಗೊತ್ತುಪಡಿಸುವುದು ಹೆಚ್ಚು ಕಷ್ಟ.