ಜೊತೆ ಬದಲಾಗುವ ಮಿಶ್ರ ಪಂದ್ಯಗಳ ವ್ಯವಸ್ಥೆ: ಒಂದು ವಿವೇಚನೆ

ಒಂದು ಸಮಾಜದಲ್ಲಿ ಯಾರು ಯಾರೊಡನೆ ಕೂಡಿ ಆಡುತ್ತಾರೆಂಬುದೂ ಚರಿತ್ರೆಯ ವಸ್ತುವೇ ಆಗಿದೆ. ಸ್ತ್ರೀಪುರುಷರು ಜೊತೆಗೂಡಿ ಆಡುವ ಬ್ಯಾಟಿನ ಆಟಗಳಲ್ಲಿ ಪ್ರತಿ ಸರದಿಗೂ ಜೊತೆಗಾರರನ್ನು ಬದಲಾಯಿಸುವ ಸ್ನೇಹಕೂಟದ ಪಂದ್ಯಗಳನ್ನು ಹೇಗೆ ಏರ್ಪಡಿಸಬೇಕು, ಆ ಏರ್ಪಾಡಿನ ಹಿಂದಿರುವ ತತ್ತ್ವವೇನು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಯತ್ನಿಸಿದ್ದೇವೆ.

ಮೇಜರ್ ವಿಂಗ್‌ಫೀಲ್ಡನು ಲಾನ್ ಟೆನಿಸ್ಸಿಗೆ ಹಕ್ಕುಪತ್ರ ಪಡೆದುದು 1874ರಲ್ಲಿ. ಇಂಗ್ಲೆಂಡಿನ ಶ್ರೀಮಂತರ ಮನೆಯ ತೋಟಗಳಲ್ಲಿ ಸ್ತ್ರೀಪುರುಷರು ಒಟ್ಟಿಗೆ ಆಡುವ ವಿನೋದವಾಗಿ ಅದು ಹಬ್ಬಿತು. ಆದರೆ ತೋಟದಲ್ಲಿದ್ದ ಈ ಸಲಿಗೆ ಸ್ಪರ್ಧೆಯ ಅಂಕಣಕ್ಕೆ ಒಡನೆಯೇ ಬರಲಿಲ್ಲ. ವಿಂಬಲ್ಡನ್ನಿನಲ್ಲಿ 1877ರಲ್ಲಿ ಪುರುಷರು ಮಾತ್ರ ಆಡಿದರು. ಸ್ತ್ರೀಯರಿಗೆ 1884ರಲ್ಲಿ ಪ್ರವೇಶ ದೊರೆಯಿತು. ಮಿಶ್ರ ಜೋಡಿಯಾಟ ಅಲ್ಲಿನ ಚಾಂಪಿಯನ್‌ಷಿಪ್ಪಿಗೆ ಸೇರಿದುದು 1913ರಲ್ಲಿ. ಬ್ಯಾಡ್ಮಿಂಟನ್ನಿನ ದಾರಿ ಬೇರೆ. 1899ರ ಮೊದಲ ಅಖಿಲ ಇಂಗ್ಲೆಂಡ್ ಪಂದ್ಯಗಳಲ್ಲೇ ಮಿಶ್ರ ಜೋಡಿಯಾಟವಿತ್ತು. ಒಂಟಿಯಾಟಗಳು ಮರುವರ್ಷ ಸೇರಿದವು.

ಹೀಗೆ ನೆಲೆಗೊಂಡ ಮಿಶ್ರ ಆಟದಲ್ಲಿ ಜೋಡಿಗಳು ಸ್ಥಿರವಾದವು. ಸ್ಥಿರಜೋಡಿಯ ಗೆಲುವಿನಲ್ಲಿ ಯಾರ ಪಾಲೆಷ್ಟೆಂದು ತಿಳಿಯುವುದು ಕಷ್ಟ; ಸ್ತ್ರೀಯ ಸಾಮರ್ಥ್ಯವು ಜೊತೆಯ ಪುರುಷನ ಲೆಕ್ಕಕ್ಕೆ ಸಂದುಹೋಗುವ ಸಂಭವವೂ ಉಂಟು. ಸೋತವರು ಹೊರಬೀಳುವ ಕ್ರಮವನ್ನನುಸರಿಸಿದರೆ ಅರ್ಧದಷ್ಟು ಜನ ಒಂದೇ ಆಟದ ಬಳಿಕ ಪ್ರೇಕ್ಷಕರಾಗುತ್ತಾರೆ. ಸ್ನೇಹಕೂಟದ ಉದ್ದೇಶವೇ ವಿಫಲವಾಗುತ್ತದೆ. ಚೀಟಿಯೆತ್ತಿ ಜೊತೆ ಹೊಂದಿಸಿದರೆ ಒಬ್ಬನಿಗೆ ಬಲಿಷ್ಠಳಾದ ಜೊತೆಗಾತಿ ಎರಡು ಬಾರಿ ದೊರೆತು, ಇನ್ನೊಬ್ಬನಿಗೆ ಒಮ್ಮೆಯೂ ದೊರೆಯದೆ ಹೋಗಬಹುದು.

ಆದುದರಿಂದ ದಂಪತಿಗಳ ಕೂಟವೊಂದರಲ್ಲಿ ಮೂರು ನಿಯಮಗಳನ್ನು ಪಾಲಿಸಬೇಕೆಂದು ಇಟ್ಟುಕೊಳ್ಳೋಣ. ಪತಿಪತ್ನಿಯರು ಒಂದೇ ಪಂದ್ಯದಲ್ಲಿ ಜೊತೆಗಾರರಾಗಿಯಾಗಲಿ ಎದುರಾಳಿಗಳಾಗಿಯಾಗಲಿ ಆಡಕೂಡದು. ಪ್ರತಿಯೊಬ್ಬರೂ ಸಂಗಾತಿಯನ್ನುಳಿದು ಇತರ ವರ್ಗದ ಪ್ರತಿಯೊಬ್ಬರಿಗೂ ಒಮ್ಮೆ ಜೊತೆಯಾಗಬೇಕು, ಒಮ್ಮೆ ಎದುರಾಗಬೇಕು. ಸ್ವವರ್ಗದ ಪ್ರತಿಯೊಬ್ಬರನ್ನೂ ಒಮ್ಮೆ ಮಾತ್ರ ಎದುರಿಸಬೇಕು.

ಇದು ಸುಲಭವೆಂದು ತೋರಬಹುದು. ಆದರೆ ಮೂವರು ದಂಪತಿಗಳಿಗೆ ಇದು ಅಸಾಧ್ಯ. 1ನೆಯ ಮತ್ತು 2ನೆಯ ಪುರುಷರು ಎದುರಾದರೆ ಅವರಿಬ್ಬರ ಪತ್ನಿಯರೂ ಆ ಪಂದ್ಯದಿಂದ ದೂರವಿರಬೇಕು. ಆಗ ಉಳಿಯುವವಳು 3ನೆಯ ಸ್ತ್ರೀ ಒಬ್ಬಳೇ, ಬೇಕಾದವರು ಇಬ್ಬರು.

ಐದು ದಂಪತಿಗಳಿದ್ದರೆ ವ್ಯವಸ್ಥೆ ಸೊಗಸಾಗಿ ಹೊಂದಿಕೊಳ್ಳುತ್ತದೆ. ದಂಪತಿಗಳಿಗೆ 1ರಿಂದ 5ರವರೆಗೆ ಸಂಖ್ಯೆ ಕೊಡೋಣ. ಮೊದಲ ಸರದಿಯಲ್ಲಿ 1ನೆಯ ದಂಪತಿಗಳಿಗೆ ವಿರಾಮ. ಮೊದಲ ಅಂಕಣದಲ್ಲಿ 5ನೆಯ ಪುರುಷ ಮತ್ತು 3ನೆಯ ಸ್ತ್ರೀ ಒಂದು ಪಕ್ಷ. 2ನೆಯ ಪುರುಷ ಮತ್ತು 4ನೆಯ ಸ್ತ್ರೀ ಎದುರು ಪಕ್ಷ. ಎರಡನೆಯ ಅಂಕಣದಲ್ಲಿ 4ನೆಯ ಪುರುಷ ಮತ್ತು 5ನೆಯ ಸ್ತ್ರೀ ಒಂದು ಕಡೆ. 3ನೆಯ ಪುರುಷ ಮತ್ತು 2ನೆಯ ಸ್ತ್ರೀ ಇನ್ನೊಂದು ಕಡೆ. ಮುಂದಿನ ಪ್ರತಿ ಸರದಿಗೂ ಎಲ್ಲ ಸಂಖ್ಯೆಗಳಿಗೆ ಒಂದನ್ನು ಕೂಡಿಸಬೇಕು. 5ರ ಬಳಿಕ 1 ಬರುತ್ತದೆ. ಐದು ಸರದಿಗಳಲ್ಲಿ 10 ಪಂದ್ಯಗಳು ಮುಗಿಯುತ್ತವೆ. ಪ್ರತಿಯೊಬ್ಬರಿಗೂ ನಾಲ್ಕು ಆಟ, ಪ್ರತಿ ದಂಪತಿಗಳಿಗೂ ಒಂದು ವಿರಾಮ. ಸರದಿಗೆ 20 ನಿಮಿಷವೆಂದರೂ ಎರಡು ಗಂಟೆಯೊಳಗೆ ಕೂಟ ಮುಗಿಯುತ್ತದೆ.

ಆರು ದಂಪತಿಗಳು ಬಂದರೆ? ಇಲ್ಲಿ ಈ ವಿನೋದವು ಗಣಿತದ ಒಂದು ಪ್ರಸಿದ್ಧ ಸಮಸ್ಯೆಯನ್ನು ಸಂಧಿಸುತ್ತದೆ. ಆರು ದಳಗಳಿಂದ ಆರು ಬೇರೆ ಬೇರೆ ದರ್ಜೆಯ ಅಧಿಕಾರಿಗಳಂತೆ ಆಯ್ದ 36 ಮಂದಿಯನ್ನು, ಪ್ರತಿ ಅಡ್ಡಸಾಲಿನಲ್ಲಿಯೂ ಉದ್ದಸಾಲಿನಲ್ಲಿಯೂ ಪ್ರತಿ ದಳ, ಪ್ರತಿ ದರ್ಜೆ ಒಮ್ಮೊಮ್ಮೆ ಬರುವಂತೆ ಚೌಕವಾಗಿ ನಿಲ್ಲಿಸಬಹುದೇ ಎಂದು ಆಯ್ಲರನು 1782ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಪ್ರಶ್ನಿಸಿದನು. ಸಾಧ್ಯವಿಲ್ಲವೆಂಬುದನ್ನು 1900ರ ಸುಮಾರಿಗೆ ಟ್ಯಾರಿ ಸಿದ್ಧಪಡಿಸಿದನು. ನಮ್ಮ ಪಂದ್ಯಪಟ್ಟಿಯೂ ಅಂಥದೇ ಚೌಕ: ಅಡ್ಡಸಾಲು ಆಡುವ ಪುರುಷನದು, ಉದ್ದಸಾಲು ಎದುರಾಳಿ ಪುರುಷನದು, ಮನೆಯೊಳಗಿನ ಅಂಕೆ ಜೊತೆಗಾತಿಯದು, ಅಡ್ಡ ಮತ್ತು ಉದ್ದಸಾಲುಗಳು ಕೂಡುವೆಡೆ ಒಂದೇ ಸಂಖ್ಯೆ ಬಂದಾಗ ಆ ಮನೆಯಲ್ಲಿ ಪತ್ನಿಯ ಅಂಕೆ. ಈ ಚೌಕವನ್ನೂ, ಅದರ ಅಡ್ಡ-ಉದ್ದ ಸಾಲುಗಳನ್ನು ಅದಲುಬದಲು ಮಾಡಿದ ಚೌಕವನ್ನೂ ಒಂದರ ಮೇಲೊಂದಿರಿಸಿದರೆ ಆಯ್ಲರನು ಬಯಸಿದ ವಿನ್ಯಾಸವೇ ದೊರೆಯುತ್ತದೆ. ಆರಕ್ಕೆ ಆ ವಿನ್ಯಾಸವಿಲ್ಲ. ಆದುದರಿಂದ ಆರು ದಂಪತಿಗಳಿಗೆ ಇಂಥ ಪಟ್ಟಿಯೂ ಇಲ್ಲ. 10, 14 ಮೊದಲಾದ ಸಂಖ್ಯೆಗಳಿಗೂ ಅದು ಅಸಾಧ್ಯವೆಂಬ ಆಯ್ಲರನ ಊಹೆಯನ್ನು 1959–60ರಲ್ಲಿ ಸುಳ್ಳಾಗಿಸಿದ ಮೂವರಲ್ಲಿ ರಾಜ್ ಚಂದ್ರ ಬೋಸ್, ಶರದ್‌ಚಂದ್ರ ಶ್ರೀಖಂಡೆ ಎಂಬ ಇಬ್ಬರು ಭಾರತೀಯರು. ಮೂರನೆಯವನು ಅಮೆರಿಕದ ಪಾರ್ಕರ್. 2, 3, 6ನ್ನುಳಿದು ದಂಪತಿಗಳ ಸಂಖ್ಯೆ ಎಷ್ಟೇ ಇದ್ದರೂ ಪಂದ್ಯಪಟ್ಟಿ ಸಾಧ್ಯವೆಂದು 1974ರಲ್ಲಿ ಬ್ರೇಟನ್, ಕಾಪರ್‌ಸ್ಮಿತ್, ಹಾಫ್‌ಮನ್ ತೋರಿಸಿದರು. ಆರು ದಂಪತಿಗಳು ನೆರೆದಾಗ ಏಳನೆಯವರನ್ನು ಆಹ್ವಾನಿಸುವುದೇ ಲೇಸು. ಆಗ ಮೂರು ಅಂಕಣಗಳಲ್ಲಿ ಏಳು ಸರದಿಗಳು, 21 ಪಂದ್ಯಗಳು.

ಅಂಕಗಳನ್ನು ಜೋಡಿಗೆ ಕೊಡದೆ, ಪಕ್ಷವು ಗಳಿಸಿದ ಅಂಕಗಳನ್ನು ಇಬ್ಬರ ಹೆಸರಿನಲ್ಲಿಯೂ ಬರೆದು, ಸ್ತ್ರೀಯರ ಮತ್ತು ಪುರುಷರ ಪಟ್ಟಿಗಳನ್ನು ಪ್ರತ್ಯೇಕವಾಗಿ ಕೂಡಿಸಬೇಕು. ಸಮರ್ಥನಾದ ಪುರುಷನೊಬ್ಬನ ನೆರವು ಅವನ ಪತ್ನಿಯನ್ನುಳಿದು ಪ್ರತಿ ಸ್ತ್ರೀಗೂ ಒಮ್ಮೆ ದೊರೆಯುತ್ತದೆ, ಅವನ ವಿರೋಧವೂ ಒಮ್ಮೆ ಎದುರಾಗುತ್ತದೆ. ಅವನ ಪತ್ನಿಗೆ ಎರಡೂ ಇಲ್ಲ. ಹೀಗೆ ಲಾಭನಷ್ಟಗಳು ಬಹುಮಟ್ಟಿಗೆ ಸರಿತೂಗಿ, ಸ್ತ್ರೀಯರ ಪಟ್ಟಿಯಲ್ಲಿ ಅವರವರ ಆಟವೇ ಕಾಣಿಸಿಕೊಳ್ಳುತ್ತದೆ.

ಸ್ನೇಹಕೂಟಕ್ಕೆ ಇಷ್ಟು ಲೆಕ್ಕಾಚಾರವೇಕೆಂದು ಕೆಲವರು ಕೇಳಬಹುದು. ಲೆಕ್ಕವನ್ನು ಮೊದಲೇ ಮಾಡಿಟ್ಟುದರಿಂದಲೇ ಅಂಕಣದಲ್ಲಿ ಯಾರೂ ಯಾರ ದಾಕ್ಷಿಣ್ಯಕ್ಕೂ ಒಳಗಾಗಬೇಕಿಲ್ಲ. ಹೊಸದಾಗಿ ಆಟ ಕಲಿತವಳೂ ನುರಿತವಳಷ್ಟೇ ಬಾರಿ ಆಡುತ್ತಾಳೆ. ಸಮಾನತೆಯನ್ನು ಸದ್ಭಾವನೆಗೆ ಮಾತ್ರ ಬಿಡದೆ ವ್ಯವಸ್ಥೆಯಲ್ಲಿಯೇ ಅಳವಡಿಸಬೇಕೆಂಬ ತತ್ತ್ವಕ್ಕೆ ಕಾಲೇಜಿನ ಎರಡು ಅಂಕಣಗಳೂ ನಿದರ್ಶನವಾಗಬಲ್ಲವೆಂದು ನಾವು ಭಾವಿಸುತ್ತೇವೆ.