ಸಾಂತಾಕ್ರೂಜಿನ ಭಟ್ಟರು ಕಂಡ ‘ಕ್ರಿಶ್ 3’

ಹೋಟೆಲಿನಲ್ಲಿ ದುಡಿಯುವವನ ಪಾಲಿಗೆ ಹಬ್ಬವೆಂದರೆ ಪರರ ಹಬ್ಬ. ಊರಿಗೆ ಊರೇ ಹೊಸ ಬಟ್ಟೆಯುಟ್ಟು ಫಲಾಹಾರಕ್ಕೆಂದು ಹೊರಡುವ ದಿನಗಳಲ್ಲಿಯೇ ಅವನಿಗೆ ಬೆವರೊರಸಿಕೊಳ್ಳಲೂ ಬಿಡುವಿಲ್ಲ. ಇದನ್ನು ನಮ್ಮ ವಾಚಕರಿಗೆ ನಾವು ತಿಳಿಸಬೇಕಾದ ಅಗತ್ಯವಿಲ್ಲ. 2013ರ ದೀಪಾವಳಿಯೂ ಅಂಥದೇ ಆಗಿತ್ತು. ಆ ವರ್ಷದ ನವೆಂಬರ್ 1, ಶುಕ್ರವಾರ, ಕನ್ನಡಿಗರಿಗೆ ರಾಜ್ಯೋತ್ಸವದ ದಿನ. ಅಂದೇ ‘ಕ್ರಿಶ್ 3’ ಎಂಬ ಹಿಂದೀ ಬೋಲಪಟವು ತೆರೆಗೆ ಬಂದಿತು.

ನಾವು ಪ್ರತಿನಿತ್ಯ ಕಾಫಿಗೆ ಹೋಗುವ ಸಾಂತಾಕ್ರೂಜ್ ಪೂರ್ವದ ಹೋಟೆಲಿನ ಮಾಣಿಯೊಬ್ಬನಿಗೆ ಈ ಚಿತ್ರದ ಹುಚ್ಚು ಹಿಡಿದಿತ್ತು. ಶಾಲೆಗೆ ಹೋಗುತ್ತಿದ್ದಾಗ ಊರಿನಲ್ಲಿ ‘ಕೋಯಿ ಮಿಲ್ ಗಯಾ’ ನೋಡಿದ್ದನಂತೆ. ಅದು 2003ರ ಚಿತ್ರ. 2006ರಲ್ಲಿ ಬಂದ ‘ಕ್ರಿಶ್’ ಚಿತ್ರವನ್ನು ಮುಂಬಯಿಗೆ ಬಂದ ಮೇಲೆ ಗೆಳೆಯನ ಕೋಣೆಯಲ್ಲಿ ನೋಡಿದ. ಮೂರನೆಯದನ್ನು ಮಾತ್ರ ಚಿತ್ರಮಂದಿರದಲ್ಲಿಯೇ ನೋಡಬೇಕೆಂಬುದು ಅವನ ಹಟ. “ಈ ನಿರ್ದೇಶಕರ ಚಿತ್ರಗಳ ಹೆಸರೆಲ್ಲ ಇಂಗ್ಲಿಷಿನ ‘ಕೆ’ ಅಕ್ಷರದಿಂದಲೇ ಸುರುವಾಗುವುದು ಸರ್. ಕನ್ನಡವೂ ಕೆ ಅಕ್ಷರದ್ದೇ ಅಲ್ಲವೇ? ಅದಕ್ಕೇ ರಾಜ್ಯೋತ್ಸವದಂದು ಬಂದದ್ದು,” ಎಂದು ಅವನು ನಮ್ಮೆದುರು ವಾದ ಹೂಡಿದನು.

ಈ ಚಿತ್ರಕ್ಕೂ ನಮ್ಮ ಉಪನಗರಕ್ಕೂ ಇರುವ ನಂಟು ಅಕ್ಷರದ್ದಷ್ಟೇ ಅಲ್ಲ. ನಿರ್ಮಾಪಕ ಹಾಗೂ ನಿರ್ದೇಶಕ ರಾಕೇಶ್ ರೋಶನ್ ಅವರ ಮೇಲೆ 2000ನೆಯ ಇಸವಿ ಜನವರಿ 21ರಂದು ಇಬ್ಬರು ಹಂತಕರು ಗುಂಡು ಹಾರಿಸಿದ್ದು ಇದೇ ಸಾಂತಾಕ್ರೂಜ್ ಪಶ್ಚಿಮದಲ್ಲಿ, ಅವರ ಕಚೇರಿಯ ಹೊರಗೆ. ಮಗ ಹೃತಿಕ್ ನಾಯಕನಾದ ಮೊದಲ ಚಿತ್ರವು ತೆರೆಕಂಡು ಆಗ ಒಂದೇ ವಾರವಾಗಿತ್ತು. ದೈವಕೃಪೆಯಿಂದ ಬದುಕಿಕೊಂಡ ತಂದೆಯು ಮುಂದೆ ಅದೇ ಮಗನನ್ನಿಟ್ಟುಕೊಂಡು ಈ ಚಿತ್ರತ್ರಯವನ್ನು ನಿರ್ಮಿಸಿದರು. ಹಿಂದಿನ ವರ್ಷವಷ್ಟೇ, 2012ರಲ್ಲಿ, ಕ್ರಿಸ್ಟೋಫರ್ ನೋಲನ್ನರು ತಮ್ಮ ಬ್ಯಾಟ್‌ಮ್ಯಾನ್ ಚಿತ್ರತ್ರಯದ ಕೊನೆಯ ಚಿತ್ರವನ್ನು ಜಗತ್ತಿಗೆ ತೋರಿಸಿದ್ದರು. ಅಂಥ ಸಾಹಸವನ್ನು ನಮ್ಮವರೂ ಮಾಡಬಲ್ಲರೆಂಬ ಹುಮ್ಮಸ್ಸು ಪ್ರೇಕ್ಷಕರಲ್ಲಿತ್ತು.

ಹಬ್ಬದ ಗಲಾಟೆ ಮುಗಿದ ಬುಧವಾರ ರಾತ್ರಿ ಮಾಣಿಗೆ ಬಿಡುವು ದೊರಕಿತು. ಅವನು ನಮ್ಮನ್ನೂ ಅಡಿಗೆಯ ಭಟ್ಟರನ್ನೂ ಬಿಡದೆ ಹೊರಡಿಸಿದನು. ಭಟ್ಟರು ಐವತ್ತು ದಾಟಿದವರು, ಮಿತಭಾಷಿಗಳು. “ನನಗೆ ರಾಜಕುಮಾರರ ಚಿತ್ರವೊಂದೇ ಸಾಕು ಮಾರಾಯ,” ಎನ್ನುತ್ತಲೇ ಅಂಗಿ ಬದಲಾಯಿಸಿದರು. ಮೂವರೂ ಲೋಕಲ್ ಹಿಡಿದು, ಖಾರ್ ದಾಟಿ, ಬಾಂದ್ರಾದಲ್ಲಿಳಿದು, ಗೇಟಿ-ಗ್ಯಾಲಕ್ಸಿ ಚಿತ್ರಮಂದಿರದ ಕೊನೆಯ ಆಟಕ್ಕೆ ಸೇರಿದೆವು.

ಚಿತ್ರದ ತಂತ್ರಚಮತ್ಕೃತಿಯನ್ನು ಕುರಿತು ಬಹಳ ಬರೆಯಬಹುದು. ಹೃತಿಕ್ ರೋಶನ್ ತಂದೆ ರೋಹಿತನಾಗಿಯೂ ಮಗ ಕೃಷ್ಣನಾಗಿಯೂ ಒಂದೇ ತೆರೆಯ ಮೇಲೆ ಮಾತನಾಡುತ್ತಾರೆ. ಖಳನಾಯಕ ಕಾಲನು ಮುಂಬಯಿಯ ಮೇಲೆ ಮಾರಕ ರೋಗಾಣುವನ್ನು ಹರಿಯಬಿಡುತ್ತಾನೆ. ಮಗನ ರಕ್ತದಿಂದ ತಂದೆ ಮದ್ದು ಕಂಡುಹಿಡಿಯುತ್ತಾನೆ. ಕೊನೆಗೆ ಮಗನಿಗಾಗಿ ಪ್ರಾಣವನ್ನೇ ಧಾರೆಯೆರೆಯುತ್ತಾನೆ. ಆಗ ಮಾಣಿಯು ಕಣ್ಣೊರಸಿಕೊಂಡನು.

ಆದರೆ ನಾವು ಇಂದಿಗೂ ಮರೆಯದಿರುವುದು ಬೇರೊಂದು ಸನ್ನಿವೇಶ. ಈ ಮಹಾವೀರನಿಗೆ ಒಂದು ನೌಕರಿಯೂ ನಿಲ್ಲುವುದಿಲ್ಲ. ಎಲ್ಲಿಯೋ ಯಾರಿಗೋ ಅಪಾಯವೆಂದು ತಿಳಿದೊಡನೆ ಕೆಲಸ ಬಿಟ್ಟು ಓಡುತ್ತಾನೆ. ಹಿಂತಿರುಗುವಷ್ಟರಲ್ಲಿ ಕೆಲಸ ಹೋಗಿರುತ್ತದೆ. ಪ್ರೇಕ್ಷಕರೆಲ್ಲ ಗೊಳ್ಳನೆ ನಕ್ಕರು. ನಾವೂ ನಕ್ಕೆವು. ಭಟ್ಟರು ನಗಲಿಲ್ಲ.

ಆಟ ಬಿಟ್ಟಾಗ ನಡುರಾತ್ರಿ ಕಳೆದಿತ್ತು. ರೈಲು ಸಿಗದೆ ನಡೆದೇ ಬರುತ್ತಿರುವಾಗ ಮಾಣಿ ಕೇಳಿದನು: “ಯಾಕೆ ಭಟ್ರೇ, ಚಿತ್ರ ಹಿಡಿಸಲಿಲ್ಲವೇ?” ಭಟ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ 2005ರ ಜುಲೈ 26ರ ಮಾತೆತ್ತಿದರು.

ಆ ದಿನವನ್ನು ಮುಂಬಯಿಯ ಹಳಬರು ಮರೆತಿರಲಾರರು. ಕೊಲಾಬಾದಲ್ಲಿ 73 ಮಿಲಿಮೀಟರ್ ಮಳೆ ಬಿದ್ದರೆ, ಸಾಂತಾಕ್ರೂಜಿನ ವೇಧಶಾಲೆಯಲ್ಲಿ ಇಪ್ಪತ್ತನಾಲ್ಕು ತಾಸಿನಲ್ಲಿ 944 ಮಿಲಿಮೀಟರ್ ದಾಖಲಾಯಿತು. ರೈಲುಗಳು ನಿಂತವು, ನೂರಾರು ಜನರು ಪ್ರಾಣ ಕಳೆದುಕೊಂಡರು. ಭಟ್ಟರು ಆಗ ಬೇರೊಂದು ಹೋಟೆಲಿನಲ್ಲಿದ್ದರು. ಮಿಲನ್ ಸಬ್‌ವೇಯ ಕಡೆ ನೀರು ಎದೆಮಟ್ಟ ಏರಿತೆಂದೂ, ಹೆಂಗಸರು ಮಕ್ಕಳು ಸಿಕ್ಕಿಬಿದ್ದಿದ್ದಾರೆಂದೂ ಯಾರೋ ಕೂಗಿಕೊಂಡರಂತೆ. ಭಟ್ಟರು ಒಲೆ ಆರಿಸಿ, ಬಾವಿಹಗ್ಗವೊಂದನ್ನು ಹೆಗಲಿಗೆ ಹಾಕಿಕೊಂಡು, ಇಬ್ಬರು ಮಾಣಿಗಳೊಡನೆ ಹೊರಟುಬಿಟ್ಟರು. ಮರುದಿನ ಬೆಳಗಿನವರೆಗೂ ನೀರಿನಲ್ಲಿದ್ದರು. ಎಷ್ಟು ಜನರನ್ನು ದಾಟಿಸಿದರೆಂಬ ಲೆಕ್ಕ ಅವರಲ್ಲಿಲ್ಲ. ತಿಂಗಳ ಕೊನೆಗೆ ಮಾಲಕರು ಮೂರು ದಿನದ ಪಗಾರ ಹಿಡಿದದ್ದು ಮಾತ್ರ ಅವರ ನೆನಪಿನಲ್ಲಿತ್ತು. ಅಡಿಗೆಮನೆ ಬಿಟ್ಟು ಹೋದುದಕ್ಕೆ ಅದು ದಂಡ. ಮುಂದಿನ ತಿಂಗಳು ಭಟ್ಟರೇ ಆ ಕೆಲಸ ಬಿಟ್ಟರು.

“ಹಣ ದೊಡ್ಡದಲ್ಲ,” ಎಂದರು. “ಊರಿಗೆ ಮನಿಯಾರ್ಡರು ಮಾಡುವಾಗ ಯಾಕೆ ಕಡಿಮೆಯೆಂದು ಅಮ್ಮ ಬರೆಸಿದ್ದಳು. ಏನೆಂದು ಉತ್ತರ ಬರೆಯುವುದು?”

ಮಾಣಿ ಮಾತನಾಡಲಿಲ್ಲ. ಪರರ ಕಣ್ಣೀರನ್ನು ಒರೆಸುವವನೇ ಕ್ರಿಶ್ ಎಂಬುದು ಆ ಚಿತ್ರದ ಸಂದೇಶ. ಅದನ್ನು ಅವನು ಬಾಂದ್ರಾದಿಂದ ಖಾರ್‌ವರೆಗೆ ನಾಲ್ಕು ಸಲ ನಮಗೆ ವಿವರಿಸಿದ್ದನು. ಖಾರ್‌ನಿಂದ ಸಾಂತಾಕ್ರೂಜಿನವರೆಗೆ ಒಮ್ಮೆಯೂ ವಿವರಿಸಲಿಲ್ಲ. ಕೋಣೆ ತಲುಪಿದಾಗ ಭಟ್ಟರ ಚಪ್ಪಲಿಗಳನ್ನು ತಾನೇ ಎತ್ತಿ ಒಳಗಿಟ್ಟನು.

ಭಟ್ಟರು ಈಗ ಊರಿನಲ್ಲಿ ನಾಲ್ಕು ತೆಂಗಿನ ಮರ ನೋಡಿಕೊಂಡಿದ್ದಾರೆ. ಕ್ರಿಶ್ ಸರಣಿಯ ನಾಲ್ಕನೆಯ ಚಿತ್ರವನ್ನು ಹೃತಿಕರೇ ನಿರ್ದೇಶಿಸುವರೆಂದು 2025ರ ಮಾರ್ಚಿನಲ್ಲಿ ಘೋಷಣೆಯಾಗಿದೆ. ಆ ಸುದ್ದಿಯನ್ನು ನಮಗೆ ಹೇಳಿದವನು ಅದೇ ಮಾಣಿ. ಇಂದು ಅವನೇ ಹೋಟೆಲಿನ ಗಲ್ಲಾದ ಮೇಲೆ ಕೂರುತ್ತಾನೆ. ಕಳೆದ ಮಳೆಗಾಲದಲ್ಲಿ ಅಲ್ಲಿಯ ಹುಡುಗನೊಬ್ಬನು, ರಸ್ತೆಯಲ್ಲಿ ಬಿದ್ದ ಮುದುಕರೊಬ್ಬರನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದು, ಊಟದ ಗಿರಾಕಿಯ ಹೊತ್ತು ಕಳೆದು, ಅಂಜುತ್ತ ಹಿಂತಿರುಗಿದನು. ನಾವು ಅಲ್ಲಿಯೇ ಕುಳಿತಿದ್ದೆವು. ಗಲ್ಲಾದವನು ಹಾಜರಿ ಪುಸ್ತಕವನ್ನು ತೆರೆಯಲೇ ಇಲ್ಲ. ರಿಕ್ಷಾದ ಬಾಡಿಗೆ ಎಷ್ಟಾಯಿತೆಂದು ಕೇಳಿ, ಎಣಿಸಿ ಕೊಟ್ಟು, “ಮೊದಲು ಊಟ ಮಾಡು ಹೋಗು,” ಎಂದನು.