ಗಣಕಯಂತ್ರ ಏಳದೆ ಹೋದಾಗ: ಕನ್ನಡ ಕೀಲಿಮಣೆಯುಳ್ಳ ರಕ್ಷಣಾ ಪೆನ್‌ಡ್ರೈವ್



ಮಳೆ ಹಿಡಿಯುವ ಮುನ್ನವೇ ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವುದು ನಮಗಾರಿಗೂ ಹೊಸತಲ್ಲ. ಕೊಳೆ ಬಿದ್ದ ಮೇಲೆ ಮೈಲುತುತ್ತ ಹುಡುಕಿಕೊಂಡು ಪೇಟೆಗೆ ಓಡಿದರೆ ಆಗುವ ಫಲವೇನೆಂಬುದನ್ನು ಬಲ್ಲೆವು. ಆದರೆ ಮನೆಯ ಗಣಕಯಂತ್ರದ ವಿಷಯದಲ್ಲಿ ಈ ಬುದ್ಧಿ ನಮಗೆ ಓಡುವುದಿಲ್ಲ. ಈ ಲೇಖಕನಿಗೂ ಓಡಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಕಲಘಟಗಿ ಕಡೆಯ ನಮ್ಮ ಮನೆಯಲ್ಲಿ ಒಂದು ಸಂಜೆ ಕರೆಂಟು ನಾಲ್ಕೈದು ಸಲ ಹೋಗಿ ಬಂದಿತು. ಮರುದಿನ ಯಂತ್ರವನ್ನು ಚಾಲೂ ಮಾಡಿದರೆ ಕಪ್ಪು ಪರದೆಯ ಮೇಲೆ ಒಂದು ಸಾಲು ಇಂಗ್ಲಿಷ್ ಮೂಡಿತು, ಅಲ್ಲಿಗೇ ನಿಂತಿತು. ಮೂರು ವರ್ಷದ ಕೂಲಿ ಲೆಕ್ಕ, ಆಳುಗಳಿಗೆ ಕೊಟ್ಟ ಮುಂಗಡ, ಅಡಿಕೆ ತೂಕದ ಚೀಟಿಗಳ ಚಿತ್ರ, ಪಹಣಿ ಪತ್ರಿಕೆಗಳ ಪ್ರತಿ, ಎಲ್ಲವೂ ಅದರೊಳಗೇ ಇದ್ದವು. ಕಿರ್ದಿ ಬರೆಯುವುದನ್ನು ಬಿಟ್ಟು ವರ್ಷಗಳಾಗಿದ್ದವು. ಗಣೇಶ ಚೌತಿಗೆ ಮುಂಚೆ ಆಳುಗಳ ಲೆಕ್ಕ ಚುಕ್ತಾ ಮಾಡುವುದು ನಮ್ಮ ಮನೆಯ ರೂಢಿ. ಲೆಕ್ಕವೇ ಇಲ್ಲದಿದ್ದರೆ ಉಳಿಯುವುದು ನನ್ನ ಮಾತು ಮತ್ತು ಅವರ ಮಾತು ಮಾತ್ರ. ವರ್ಷಗಟ್ಟಲೆ ನಮ್ಮ ತೋಟದಲ್ಲಿ ದುಡಿದವರೊಡನೆ ಅಂಥ ಪ್ರಸಂಗ ಬರಬಾರದು.

ಪೇಟೆಯಲ್ಲಿ ತೋರಿಸಿದಾಗ ಬಂದ ಉತ್ತರ: "ಫಾರ್ಮ್ಯಾಟ್ ಹೊಡೀಬೇಕ್ರಿ ಕಾಕಾ, ಒಳಗಿಂದೇನೂ ಉಳಿಯಂಗಿಲ್ಲ." ಸುದೈವಕ್ಕೆ ಧಾರವಾಡದಲ್ಲಿ ಓದುತ್ತಿರುವ ತಮ್ಮನ ಮಗಳು ಆ ವಾರ ಊರಿಗೆ ಬಂದಿದ್ದಳು. "ದೊಡ್ಡಪ್ಪಾ, ಡಿಸ್ಕ್ ಸತ್ತಿಲ್ರಿ, ವಿಂಡೋಸ್ ಅಷ್ಟ ಏಳವಲ್ದು" ಎಂದು ತನ್ನ ಚೀಲದಿಂದ ಒಂದು ಪೆನ್‌ಡ್ರೈವ್ ತೆಗೆದಳು.

ವಿಷಯ ಇಷ್ಟೇ. ಅಡಿಕೆ ಕೋಣೆಯ ಮುಂಬಾಗಿಲ ಬೀಗ ಕೆಟ್ಟಿದೆ, ಚೀಲಗಳು ಇದ್ದಲ್ಲಿಯೇ ಇವೆ ಎಂದು ತಿಳಿಯಿರಿ. ವಿಂಡೋಸ್ ಎಂಬುದು ಮುಂಬಾಗಿಲು. ಪೆನ್‌ಡ್ರೈವಿನಲ್ಲಿ ಲಿನಕ್ಸ್ ಎಂಬ ಬೇರೊಂದು ಕಾರ್ಯವ್ಯವಸ್ಥೆಯನ್ನು ಹಾಕಿಟ್ಟರೆ ಅದು ಹಿತ್ತಲ ಬಾಗಿಲಾಗುತ್ತದೆ. ಯಂತ್ರ ಪೆನ್‌ಡ್ರೈವಿನಿಂದಲೇ ಏಳುತ್ತದೆ. ಒಳಗಿನ ಡಿಸ್ಕನ್ನು ತೆರೆದು ನಮ್ಮ ಫೈಲುಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಬಹುದು. ಲಿನಕ್ಸಿಗೆ ಹಣ ಕೊಡಬೇಕಾಗಿಲ್ಲ.

ಬಾಗಿಲು ತೆರೆಯಿತು. ಆದರೆ ಅಲ್ಲಿಂದ ಮುಂದೆ ಅರ್ಧ ದಿನ ಹಾಳಾಯಿತು. ನನ್ನ ಫೋಲ್ಡರುಗಳ ಹೆಸರೆಲ್ಲ ಕನ್ನಡದಲ್ಲಿ. ಸಾವಿರಾರು ಫೋಟೋಗಳ ನಡುವೆ ಎಲ್ಲೆಲ್ಲೋ ಚದುರಿದ್ದವು (ಇದು ನನ್ನದೇ ಅವ್ಯವಸ್ಥೆ, ಒಪ್ಪುತ್ತೇನೆ). ಪರದೆಯ ಮೇಲೆ ಕನ್ನಡ ಕಾಣುತ್ತಿತ್ತು, ಆದರೆ ಹುಡುಕುವ ಜಾಗದಲ್ಲಿ "ಮುಂಗಡ" ಎಂದು ಹೊಡೆಯಲು ಕನ್ನಡ ಕೀಲಿಮಣೆ ಇರಲಿಲ್ಲ. ಆದಕಾರಣ ಯಂತ್ರ ಸರಿಯಿರುವಾಗಲೇ ಕನ್ನಡ ಕೀಲಿಮಣೆ ಸಹಿತವಾಗಿ ಈ ಪೆನ್‌ಡ್ರೈವನ್ನು ಸಿದ್ಧಪಡಿಸಿ ಇಡಬೇಕೆಂದು ಬಾಂಧವರಲ್ಲಿ ವಿನಂತಿ. ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ರಂದು ಮುಗಿದಿರುವುದರಿಂದ ಹಳೆಯ ಯಂತ್ರವುಳ್ಳವರು ಇದನ್ನು ಇನ್ನೂ ಬೇಗ ಮಾಡುವುದು ಒಳಿತು.

ಸಿದ್ಧಪಡಿಸುವ ಕ್ರಮ ಹೀಗಿದೆ. ೧೬ ಅಥವಾ ೩೨ ಜಿಬಿಯ ಪೆನ್‌ಡ್ರೈವ್ ಒಂದನ್ನು ಇದಕ್ಕಾಗಿಯೇ ಮೀಸಲಿಡಿ. ಅದರಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ. ಸರಿಯಿರುವ ವಿಂಡೋಸ್ ಯಂತ್ರದಲ್ಲಿ ಉಬುಂಟು ಎಂಬ ಲಿನಕ್ಸಿನ ಐಎಸ್ಒ ಫೈಲನ್ನೂ ರೂಫಸ್ ಎಂಬ ಸಣ್ಣ ತಂತ್ರಾಂಶವನ್ನೂ ಅವುಗಳ ಸ್ವಂತ ತಾಣಗಳಿಂದಲೇ ಇಳಿಸಿಕೊಳ್ಳಿ. ಉಬುಂಟು ಸುಮಾರು ೬ ಜಿಬಿ ಇರುವುದರಿಂದ ಹಳ್ಳಿಯ ಮೊಬೈಲ್ ಸಿಗ್ನಲ್ಲಿನಲ್ಲಿ ಹೆಣಗದೆ ಹುಬ್ಬಳ್ಳಿ-ಧಾರವಾಡದಲ್ಲಿರುವ ಮಕ್ಕಳಿಂದ ತರಿಸಿಕೊಳ್ಳಬಹುದು. ಯಂತ್ರದ ರ‍್ಯಾಮ್ ೪ ಜಿಬಿಗಿಂತ ಕಡಿಮೆಯಿದ್ದರೆ ಹಗುರವಾದ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಮೇಲು. ರೂಫಸ್ಸಿನಲ್ಲಿ ಐಎಸ್ಒ ಆರಿಸಿದಾಗ "ಪರ್ಸಿಸ್ಟೆಂಟ್ ಪಾರ್ಟಿಷನ್" ಎಂಬ ಗೆರೆ ಕಾಣುತ್ತದೆ. ಅದನ್ನು ಸೊನ್ನೆಯಲ್ಲಿಯೇ ಬಿಟ್ಟರೆ ನಾವು ಸೇರಿಸುವ ಕನ್ನಡ ಯಂತ್ರ ಆರಿಸಿದೊಡನೆ ಮರೆತುಹೋಗುತ್ತದೆ. ೪ ಜಿಬಿಗೆ ಏರಿಸಿ, ಆಮೇಲೆ ಸ್ಟಾರ್ಟ್ ಒತ್ತಿ.

ಈಗ ಯಂತ್ರವನ್ನು ಆರಿಸಿ, ಪೆನ್‌ಡ್ರೈವ್ ಚುಚ್ಚಿ, ಚಾಲೂ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಲಿಯನ್ನು ಬಿಟ್ಟು ಬಿಟ್ಟು ಒತ್ತುತ್ತಿರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್-೧೨, ಎಚ್‌ಪಿಯಲ್ಲಿ ಎಫ್-೯. ಉಬುಂಟು ಎದ್ದು ಭಾಷೆ, ನೆಟ್‌ವರ್ಕ್ ಇತ್ಯಾದಿ ಕೇಳಿದ ಬಳಿಕ ಎರಡು ದಾರಿ ತೋರಿಸುತ್ತದೆ: "ಟ್ರೈ" ಮತ್ತು "ಇನ್‌ಸ್ಟಾಲ್". ಟ್ರೈ ಮಾತ್ರ. ಅವಸರದಲ್ಲಿ ಇನ್‌ಸ್ಟಾಲ್ ಹಿಡಿದು ಮುಂದೆ ಸಾಗಿದರೆ ಉಳಿಸಲು ಹೊರಟ ಲೆಕ್ಕವನ್ನು ನಾವೇ ಅಳಿಸಿದಂತಾದೀತು.

ಬಳಿಕ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್, ಅದರಲ್ಲಿ ಇನ್‌ಪುಟ್ ಸೋರ್ಸಸ್, ಅಲ್ಲಿ ಕೂಡಿಸುವ ಚಿಹ್ನೆ ಒತ್ತಿ ಕನ್ನಡವನ್ನು ಹುಡುಕಿ. ಎರಡು ಬಗೆ ಕಾಣುತ್ತವೆ. ಬರೀ "ಕನ್ನಡ" ಎಂದಿರುವುದು ಇನ್‌ಸ್ಕ್ರಿಪ್ಟ್. ೧೯೯೧ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಮಾನಕದಲ್ಲಿ ಸೇರಿದ ವಿನ್ಯಾಸವಿದು. ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ, ಇಂಗ್ಲಿಷಿನ ಡಿ ಕೀಲಿಯಲ್ಲಿ ಒತ್ತಕ್ಷರ ಕೂಡಿಸುವ ಹಲಂತ. "ಕಗಪ" ಎಂದಿರುವುದು ಕೆ. ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಿಂದ ನಮ್ಮ ಕಚೇರಿಗಳಿಗೆಲ್ಲ ಪರಿಚಿತವಾದ ವಿನ್ಯಾಸದ ಬಗೆಯದು: ಕೆ ಒತ್ತಿದರೆ ಕ, ಎಂ ಒತ್ತಿದರೆ ಮ. ನಮ್ಮಲ್ಲಿ ಹೆಚ್ಚಿನವರ ಕೈ ನುಡಿಗೆ ಪಳಗಿರುವುದರಿಂದ ಕಗಪವನ್ನೇ ಆರಿಸುವುದು ಲೇಸು. ಆದರೂ ಪೂರ್ತಿ ನುಡಿಯಂತೆಯೇ ನಡೆಯುವುದಿಲ್ಲ. ನುಡಿಯಲ್ಲಿ ಸ್ವರದ ಒಂದೇ ಕೀಲಿ ಸಂದರ್ಭ ನೋಡಿ ಅಕ್ಷರವನ್ನೋ ಗುಣಿತವನ್ನೋ ಕೊಡುತ್ತದೆ. ಇಲ್ಲಿ ಎರಡಕ್ಕೂ ಬೇರೆ ಬೇರೆ ಒತ್ತು. ಹತ್ತು ನಿಮಿಷ ಕೈಯಾಡಿಸಿದರೆ ರೂಢಿಯಾಗುತ್ತದೆ.

ಇಂಗ್ಲಿಷನ್ನು ಮಾತ್ರ ತೆಗೆಯಬೇಡಿ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಪಾಸ್‌ವರ್ಡ್ ಹೊಡೆಯುವಾಗ ಕೀಲಿಮಣೆ ಕನ್ನಡದಲ್ಲಿದ್ದರೆ ಸರಿಯಾದ ಪಾಸ್‌ವರ್ಡೂ ತಪ್ಪಾಗುತ್ತದೆ, ಕಾಣುವುದು ಚುಕ್ಕೆಗಳಷ್ಟೇ ಆದ್ದರಿಂದ ಕಾರಣವೂ ತಿಳಿಯುವುದಿಲ್ಲ. ಎಲ್ಲ ಮುಗಿದ ಮೇಲೆ ಯಂತ್ರ ಆರಿಸಿ, ಮತ್ತೆ ಏಳಿಸಿ, ಕನ್ನಡ ಉಳಿದಿದೆಯೇ ನೋಡಿ. ಉಳಿಯದಿದ್ದರೆ ನಿರಾಶೆ ಬೇಡ, ಬೇಕಾದಾಗ ಸೇರಿಸಿಕೊಳ್ಳಲು ಎರಡು ನಿಮಿಷ ಸಾಕು.

ಕಷ್ಟದ ದಿನ ಬಂದಾಗ ಫೈಲುಗಳನ್ನು ಇದೇ ಪೆನ್‌ಡ್ರೈವಿಗೆ ತುಂಬದೆ ಇನ್ನೊಂದಕ್ಕೆ ನಕಲು ಮಾಡಿ. ವಿಂಡೋಸ್ ಅರೆನಿದ್ರೆಯಲ್ಲಿ ಆರಿದ್ದರೆ ಡಿಸ್ಕ್ ಓದಲು ಮಾತ್ರ ತೆರೆದುಕೊಳ್ಳಬಹುದು; ನಕಲಿಗೆ ಅಷ್ಟು ಸಾಕು. ಹಳೆಯ ನುಡಿ ಅಕ್ಷರಶೈಲಿಯಲ್ಲಿ, ಎಂದರೆ ಯೂನಿಕೋಡ್ ಅಲ್ಲದೆ ಬರೆದ ಪತ್ರಗಳು ತೆರೆದಾಗ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನದಂತೆ ಕಾಣುತ್ತವೆ. ನನ್ನ ಎದೆ ಒಮ್ಮೆ ಝಲ್ಲೆಂದದ್ದು ಅಲ್ಲಿಯೇ. ಫೈಲು ಕೆಟ್ಟಿರುವುದಿಲ್ಲ, ಆ ಫಾಂಟ್ ಇಲ್ಲಿಲ್ಲ ಅಷ್ಟೇ. ತಿದ್ದಲು ಹೋಗದೆ ಹಾಗೆಯೇ ನಕಲು ಮಾಡಿ, ನುಡಿ ಇರುವ ಯಂತ್ರದಲ್ಲಿ ತೆರೆಯಿರಿ. ಅಂಥ ಫೈಲಿನ ಒಳಗಿನ ಮಾತು ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲವೆಂಬುದೂ ಗಮನದಲ್ಲಿರಲಿ.

ಎರಡು ಸಂದರ್ಭಗಳಲ್ಲಿ ಈ ಉಪಾಯ ನಡೆಯದು. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಅದು ಒಳಗಿನ ಯಂತ್ರಭಾಗದ ದೋಷ. ಮತ್ತೆ ಮತ್ತೆ ಚಾಲೂ ಮಾಡದೆ ಬಲ್ಲವರ ಕೈಗೆ ಕೊಡಿ. ಎರಡನೆಯದು ಬಿಟ್‌ಲಾಕರ್. ಹೊಸ ವಿಂಡೋಸ್ ೧೧ ಯಂತ್ರಗಳಲ್ಲಿ ಡಿಸ್ಕಿಗೆ ಈ ಗುಪ್ತ ಬೀಗ ನಮಗೆ ತಿಳಿಯದೆಯೇ ಬಿದ್ದಿರಬಹುದು. ೪೮ ಅಂಕಿಗಳ ಮರುಪಡೆ ಕೀಲಿ ಇಲ್ಲದೆ ಯಾವ ಪೆನ್‌ಡ್ರೈವೂ ಅದನ್ನು ತೆರೆಯದು. ಯಂತ್ರ ಸರಿಯಿರುವಾಗಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀಲಿ ಇದೆಯೇ ನೋಡಿ ಕಾಗದದ ಮೇಲೆ ಬರೆದಿಡಿ.

ನಮ್ಮ ಆಳುಗಳ ಲೆಕ್ಕ ಚೌತಿಗೆ ಎರಡು ದಿನ ಮೊದಲು ಚುಕ್ತಾ ಆಯಿತು. ಒಬ್ಬಾತನಿಗೆ ನಾನೇ ೪೦೦ ರೂಪಾಯಿ ಕೊಡಬೇಕಾಗಿದ್ದುದು ಹೊರಬಿತ್ತು. ಪೆನ್‌ಡ್ರೈವ್ ಈಗ ಪಹಣಿ ಕಾಗದಗಳ ಪೆಟ್ಟಿಗೆಯಲ್ಲಿದೆ. ಹೆಸರು ಬರೆದ ಚೀಟಿ ಅಂಟಿಸಿದ್ದೇನೆ, ಇಲ್ಲವಾದರೆ ಮೊಮ್ಮಕ್ಕಳು ಅದರಲ್ಲಿ ಹಾಡು ತುಂಬಿಸಿಬಿಡುತ್ತಾರೆ.